ಕ್ಲೈಡ್ ಅಳಿವೆಯ ಲೆಕ್ಕ: ನೂರು ಟನ್ನಿನ ದೋಣಿ, ಒಂದು ಪೌಂಡಿನ ಹಡಗು

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ದ್ವೀಪಗಳಿಗೆ ನೂರು ವರ್ಷ ಮೀರಿ ಕಲ್ಲಿದ್ದಲು, ಇಟ್ಟಿಗೆ, ಮರಮಟ್ಟು ಹೊತ್ತ ಹಬೆದೋಣಿಯ ಉದ್ದ 66 ಅಡಿ. ಇನ್ನೂ ಉದ್ದ ಕಟ್ಟುವ ಕೌಶಲ ಅಲ್ಲಿನ ಹಡಗುಕಟ್ಟೆಗಳಿಗೆ ಬೇಕಾದಷ್ಟಿತ್ತು. ಆದರೆ ಕಾಲುವೆಯ ಗೇಟು ಅದಕ್ಕಿಂತ ಹೆಚ್ಚಿಗೆ ಬಿಡುತ್ತಿರಲಿಲ್ಲ. ದೋಣಿ ಎಷ್ಟು ಟನ್ ಹೊರಬೇಕು, ಎಷ್ಟು ಜನ ದುಡಿಯಬೇಕು, ದ್ವೀಪದ ಒಲೆಗೆ ಇದ್ದಲು ಯಾವ ದರಕ್ಕೆ ಬೀಳಬೇಕು ಎಂಬ ಲೆಕ್ಕವೆಲ್ಲ ಈ 66 ಅಡಿಯಿಂದಲೇ ಹುಟ್ಟಿತು.

ಆ ಕಾಲುವೆ ಫೋರ್ತ್ ಮತ್ತು ಕ್ಲೈಡ್ ಕಾಲುವೆ. 1768ರಲ್ಲಿ ಅಗೆಯಲು ಶುರುಮಾಡಿ 1790ರಲ್ಲಿ ಮುಗಿಸಿದರು. 22 ವರ್ಷದ ಕೆಲಸ, 35 ಮೈಲಿ ಉದ್ದ. ಪೂರ್ವದ ಸಮುದ್ರದಿಂದ ಪಶ್ಚಿಮದ ಕ್ಲೈಡ್ ನದಿಗೆ ದೋಣಿ ದಾಟಬೇಕಾದರೆ ನಡುವೆ 156 ಅಡಿ ಏರಿ, ಅಷ್ಟೇ ಇಳಿಯಬೇಕು. ಇದಕ್ಕಾಗಿ 39 ಲಾಕ್‌ಗಳು. ಲಾಕ್ ಎಂದರೆ ಎರಡೂ ತುದಿಗೆ ಗೇಟು ಇರುವ ಕಲ್ಲಿನ ತೊಟ್ಟಿ. ದೋಣಿಯನ್ನು ಒಳಗೆ ಬಿಟ್ಟು, ನೀರು ತುಂಬಿಸಿ ಅಥವಾ ಖಾಲಿಮಾಡಿ, ಮುಂದಿನ ಮಟ್ಟಕ್ಕೆ ಸಾಗಿಸುವ ಏರ್ಪಾಡು. ಏರು, ಇಳಿತ ಎರಡನ್ನೂ ಕೂಡಿಸಿದರೆ 312 ಅಡಿ. 39ರಿಂದ ಭಾಗಿಸಿದರೆ ಒಂದೊಂದು ಲಾಕ್‌ಗೆ ಸರಾಸರಿ 8 ಅಡಿ. ತೊಟ್ಟಿಯ ಅಳತೆ 18ನೇ ಶತಮಾನದ್ದು, ಅದರಲ್ಲಿ ಹಿಡಿಯುವ ದೋಣಿಯ ಅಳತೆ 20ನೇ ಶತಮಾನದವರೆಗೂ ಬದಲಾಗಲಿಲ್ಲ.

1856ರಲ್ಲಿ ಕಾಲುವೆಯ ಎಂಜಿನಿಯರ್ ಜೇಮ್ಸ್ ಮಿಲ್ನ್, ಕುದುರೆ ಎಳೆಯುತ್ತಿದ್ದ 'ಥಾಮಸ್' ಎಂಬ ಸರಕುದೋಣಿಗೆ ಹಬೆಯಂತ್ರ ಕೂರಿಸಿ ನೋಡಿದ. ಪ್ರಯೋಗ ಫಲಿಸಿತು. ಮರುವರ್ಷವೇ ಹಬೆಗೆಂದೇ ಕಟ್ಟಿದ 'ಗ್ಲಾಸ್ಗೋ' ನೀರಿಗಿಳಿಯಿತು. ಈ ಮೊದಲ ದೋಣಿಗಳ ಯಂತ್ರಕ್ಕೆ ಕಂಡೆನ್ಸರ್ ಇರಲಿಲ್ಲ. ಕೆಲಸ ಮುಗಿಸಿದ ಹಬೆಯನ್ನು ತಣಿಸಿ ಮತ್ತೆ ನೀರಾಗಿಸುವ ಈ ಭಾಗ ದುಬಾರಿ, ಜಾಗವನ್ನೂ ತಿನ್ನುತ್ತದೆ. ಕಾಲುವೆಯಲ್ಲಿ ಅದರ ಅಗತ್ಯವೂ ಇರಲಿಲ್ಲ, ಏಕೆಂದರೆ ದೋಣಿಯ ಸುತ್ತ ಇರುವುದೆಲ್ಲ ಸಿಹಿನೀರು. ಬಾಯ್ಲರ್ ಬತ್ತಿದರೆ ಎತ್ತಿ ಸುರಿದುಕೊಂಡರಾಯಿತು. ಉಳಿದ ಹಬೆ ಪ್ರತಿ ಹೊಡೆತಕ್ಕೂ 'ಪಫ್ ಪಫ್' ಎಂದು ಹೊಗೆಕೊಳವೆಯಲ್ಲಿ ಹೊರಬೀಳುತ್ತಿತ್ತು. ಹಾಗಾಗಿ ಇವಕ್ಕೆ ಪಫರ್ ಎಂಬ ಹೆಸರು ಬಿತ್ತು. ಮುಂದೆ ಸಮುದ್ರಕ್ಕಿಳಿದ ದೋಣಿಗಳಿಗೆ ಉಪ್ಪುನೀರಿನ ಕಾರಣ ಕಂಡೆನ್ಸರ್ ಬಂತು, ಪಫ್ ಸದ್ದು ನಿಂತಿತು. ಹೆಸರು ಮಾತ್ರ ಉಳಿಯಿತು.

ಪಫರ್‌ಗಳಲ್ಲಿ ಮೂರು ಬಗೆ. ಕಾಲುವೆ ಬಿಟ್ಟು ಕದಲದವು ಒಂದು, ಕ್ಲೈಡ್ ಅಳಿವೆಯ ಮೇಲ್ಭಾಗದಲ್ಲಿ ದಡ ಹಿಡಿದು ಓಡಾಡುವವು ಇನ್ನೊಂದು, ಅಳಿವೆ ದಾಟಿ ಹೆಬ್ರಿಡೀಸ್ ದ್ವೀಪಗಳವರೆಗೆ ಹೋಗುವವು ಮೂರನೆಯದು. ಮೊದಲೆರಡಕ್ಕೆ ಮೂವರು ಸಾಕು, ಕಡೆಯದಕ್ಕೆ ನಾಲ್ವರು: ದೋಣಿಯ ಯಜಮಾನ, ಯಂತ್ರದವನು, ಒಬ್ಬಿಬ್ಬರು ಖಲಾಸಿಗಳು. ಹೊರೆ ಸುಮಾರು 100 ಟನ್, ತುಸು ದೊಡ್ಡದರಲ್ಲಿ 120. ಅಂದರೆ ತಲೆಗೆ 25ರಿಂದ 33 ಟನ್ ಸರಕು. ಇಷ್ಟು ಕಡಿಮೆ ಜನ ಇಷ್ಟು ಭಾರವನ್ನು ಇಷ್ಟು ಕಿರಿದಾದ ಜಾಗಕ್ಕೆ ಮುಟ್ಟಿಸುವ ಬೇರೆ ದಾರಿ ಆ ಕರಾವಳಿಗೆ ಇರಲಿಲ್ಲ. ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸರಕು ತುಂಬುವ ಮಂಜಿಗಳನ್ನು ಕಂಡವರಿಗೆ ಪಫರ್‌ನ ಕೆಲಸ ಎಂಥದೆಂದು ಬೇರೆ ವಿವರಿಸಬೇಕಾಗಿಲ್ಲ.

ಧಕ್ಕೆಯಿಲ್ಲದ ಊರಿನ ಬಂದರು

ಪಫರ್‌ನ ತಳ ಚಪ್ಪಟೆ. ಅದರ ನಿಜವಾದ ಬೆಲೆ ಇರುವುದು ಇಲ್ಲಿ. ಬಹುಪಾಲು ಚಿಕ್ಕ ದ್ವೀಪಗಳಲ್ಲಿ ಹಡಗು ಒರಗುವ ಧಕ್ಕೆಯೇ ಇರಲಿಲ್ಲ. ಕಲ್ಲಿನ ಧಕ್ಕೆ ಕಟ್ಟಲು ಹಣ ಬೇಕು, ನೂರಿನ್ನೂರು ಜನರ ದ್ವೀಪಕ್ಕೆ ಆ ಹಣ ಯಾರು ಕೊಟ್ಟಾರು? ಪಫರ್ ಉಬ್ಬರದ ನೀರಿನಲ್ಲಿ ಮರಳಿನ ದಂಡೆಗೆ ಬಂದು ನಿಲ್ಲುತ್ತಿತ್ತು. ಇಳಿತ ಬಂದಂತೆ ನೀರು ಹಿಂದಕ್ಕೆ ಸರಿದು, ದೋಣಿ ತಳವೂರಿ ಮರಳ ಮೇಲೆ ಕೂರುತ್ತಿತ್ತು. ರೈತರ ಕುದುರೆಗಾಡಿಗಳು ನೇರ ದೋಣಿಯ ಮಗ್ಗುಲಿಗೇ ಬಂದು ಇದ್ದಲು ತುಂಬಿಸಿಕೊಳ್ಳುತ್ತಿದ್ದವು. ಮರುಉಬ್ಬರಕ್ಕೆ ದೋಣಿ ತೇಲಿ ಹೊರಡುತ್ತಿತ್ತು.

ಈ ಕೆಲಸದ ವೇಗವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ 12 ಗಂಟೆ 25 ನಿಮಿಷ. ಗಾಡಿ ದೋಣಿಯ ಬಳಿ ಬರುವಷ್ಟು ನೀರು ಸರಿದಿರುವ ಅವಧಿ 7 ಗಂಟೆ ಎಂದು ಹಿಡಿಯೋಣ. 100 ಟನ್ನನ್ನು ಒಂದೇ ಇಳಿತದಲ್ಲಿ ಇಳಿಸಬೇಕಾದರೆ ಗಂಟೆಗೆ 14 ಟನ್ನಿಗೂ ಮಿಕ್ಕಿ ಕೆಲಸ ಸಾಗಬೇಕು. ಗಾಡಿಗೆ ಒಂದು ಟನ್ ಎಂದರೆ ಪ್ರತಿ ನಾಲ್ಕು ನಿಮಿಷಕ್ಕೆ ಒಂದು ಗಾಡಿ ತುಂಬಿ ಹೊರಡಬೇಕು. ಹಬೆಯ ವಿಂಚ್ ಒಮ್ಮೆಗೆ ಅರ್ಧ ಟನ್ ಎತ್ತಿದರೆ 200 ಸಲ ಬಕೆಟ್ ಮೇಲೆ ಕೆಳಗೆ ಹೋಗಬೇಕು, ಮತ್ತು ಹಡಗಿನ ಹೊಟ್ಟೆಯಲ್ಲಿ ನಿಂತವರು ಆ 200 ಬಕೆಟ್ಟುಗಳನ್ನೂ ಸಲಿಕೆಯಿಂದ ತುಂಬಬೇಕು. ಹಾಗಾಗಿ ಒಂದು ಇಳಿತ ಸಾಲದೆ ಎರಡು, ಮೂರು ಇಳಿತ ಕಾಯುವುದೂ ಮಾಮೂಲಾಗಿತ್ತು. ಮನೆಯೊಂದಕ್ಕೆ ವರ್ಷಕ್ಕೆ 3 ಟನ್ ಇದ್ದಲು ಎಂದಿಟ್ಟುಕೊಂಡರೆ, ಒಂದು ದೋಣಿಯ ಹೊರೆ 33 ಮನೆಗಳ ವರ್ಷದ ಬೆಂಕಿ. ಸಣ್ಣ ದ್ವೀಪಕ್ಕೆ ವರ್ಷದಲ್ಲಿ ಒಂದೆರಡು ಸಲ ಪಫರ್ ಬಂದರೆ ಚಳಿಗಾಲ ಕಳೆಯುತ್ತಿತ್ತು. ಬಾರದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದಾಗಲೇ ಈ ಪುಟ್ಟ ದೋಣಿಯ ತೂಕ ಅರಿವಾಗುವುದು.

ಹೋಗುವಾಗ ಇದ್ದಲು, ಇಟ್ಟಿಗೆ, ಸುಣ್ಣ, ರಸ್ತೆಗೆ ಜಲ್ಲಿ, ವಿಸ್ಕಿ ಭಟ್ಟಿಗಳಿಗೆ ಬಾರ್ಲಿ. ಬರುವಾಗ ಮರಳು, ಸ್ಲೇಟು ಕಲ್ಲು, ಮರದ ದಿಮ್ಮಿ, ಐಲಾ ದ್ವೀಪದಿಂದ ವಿಸ್ಕಿಯ ಪೀಪಾಯಿ. ಸಾಗಣೆಯವನ ಲಾಭ ನಿಂತಿರುವುದು ಬರುವಾಗಿನ ಹೊರೆಯ ಮೇಲೆ. ಖಾಲಿ ಬಂದರೆ ಹೋದ ಬಾಡಿಗೆಯಲ್ಲೇ ಎರಡೂ ದಾರಿಯ ಖರ್ಚು ಕಳೆಯಬೇಕು. ಕೆಲವೊಮ್ಮೆ ಇಡೀ ಒಂದು ಒಕ್ಕಲು ಮನೆ, ದನಕರು, ಕುದುರೆ, ಮಂಚ, ನೇಗಿಲು ಸಮೇತ, ಒಂದು ದ್ವೀಪದಿಂದ ಇನ್ನೊಂದಕ್ಕೆ ಪಫರ್‌ನಲ್ಲಿ ವಲಸೆ ಹೋಗುತ್ತಿತ್ತು.

ಹೆಬ್ರಿಡೀಸ್‌ಗೆ ಹೋಗುವ ದೋಣಿಗೆ ಇನ್ನೊಂದು ಕಾಲುವೆ ಸಿಗುತ್ತಿತ್ತು, ಕ್ರಿನಾನ್. 1801ರಲ್ಲಿ ತೆರೆದ ಇದರ ಉದ್ದ ಬರೀ 9 ಮೈಲಿ, ಲಾಕ್‌ಗಳು 15. ಇಲ್ಲಿ 88 ಅಡಿಯ ದೋಣಿಯವರೆಗೆ ಅವಕಾಶ, ಹೀಗಾಗಿ ಹೊರಸಮುದ್ರದ ಕೆಲವು ಪಫರ್‌ಗಳು 88 ಅಡಿಗೆ ಬೆಳೆದವು. ಕಾಲುವೆ ಬಿಟ್ಟರೆ ಕಿಂಟೈರ್ ಭೂಶಿರವನ್ನು ಸುತ್ತಬೇಕು, 80 ಮೈಲಿಗೂ ಹೆಚ್ಚಿನ ಸುತ್ತು. ಪಫರ್‌ನ ವೇಗ 6ರಿಂದ 8 ನಾಟ್. ಸುತ್ತಿ ಹೋದರೆ ಹತ್ತು ಗಂಟೆ ದಾಟುತ್ತದೆ. 15 ಲಾಕ್ ಹತ್ತಿಳಿಯಲು ಐದಾರು ಗಂಟೆಯಾದರೂ ಬೇಕು, ಮೇಲೆ ಸುಂಕ. ಉಳಿಯುವ ಗಂಟೆಗಳು ಅಷ್ಟೇನೂ ಹೆಚ್ಚಲ್ಲ. ಆದರೆ ಅಟ್ಲಾಂಟಿಕ್ಕಿನ ಅಲೆ ನೇರ ಬಂದು ಬಡಿಯುವ ಆ ಭೂಶಿರದ ಬಳಿ, ಅಂಚಿನವರೆಗೂ ಇದ್ದಲು ತುಂಬಿದ 66 ಅಡಿಯ ದೋಣಿಗೆ ಪ್ರಾಣದ ಪ್ರಶ್ನೆ. ಕ್ರಿನಾನ್ ಸುಂಕ ಆ ಅಪಾಯಕ್ಕೆ ತೆರುತ್ತಿದ್ದ ವಿಮೆ ಎಂದೇ ನಾನು ತಿಳಿಯುತ್ತೇನೆ.

ಒಟ್ಟು ಕಟ್ಟಿದ ಪಫರ್‌ಗಳು 400ರ ಆಸುಪಾಸು. ಗ್ಲಾಸ್ಗೋದ ಮೇರಿಹಿಲ್‌ನಲ್ಲಿ ಹಲವು, ಕರ್ಕಿಂಟಿಲೋಖ್ ಎಂಬಲ್ಲಿ ಹಲವು. ಈ ಎರಡನೆಯದು ಸಮುದ್ರವೇ ಕಾಣದ ಒಳನಾಡಿನ ಪಟ್ಟಣ. ಕಾಲುವೆ ಕಿರಿದಾದ್ದರಿಂದ ಅಲ್ಲಿ ದೋಣಿಗಳನ್ನು ಅಡ್ಡಡ್ಡ ನೀರಿಗೆ ಉರುಳಿಸುತ್ತಿದ್ದರು. 1912ರಲ್ಲೇ 'ಇನಿಸಾಗ್ರಾ' ಎಂಬ ದೋಣಿಗೆ ಎಣ್ಣೆ ಎಂಜಿನ್ ಹಾಕಿದರೂ, ಹಬೆ ಇನ್ನೂ ಅರ್ಧ ಶತಮಾನ ಬಾಳಿತು. ಅದಕ್ಕೆ ಕಾರಣ ಸರಳ. ಹೊರುವ ಸರಕೇ ಇದ್ದಲಾಗಿರುವಾಗ ಇಂಧನಕ್ಕೆ ಬೇರೆಡೆ ಹೋಗಬೇಕಿರಲಿಲ್ಲ.

ಎರಡನೇ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರಕ್ಕೆ ಯುದ್ಧನೌಕೆಗಳಿಗೆ ಆಹಾರ, ಮದ್ದುಗುಂಡು, ನೀರು ಮುಟ್ಟಿಸಲು ಚಿಕ್ಕ, ಗಟ್ಟಿ, ಅಗ್ಗದ ದೋಣಿ ಬೇಕಾಯಿತು. ಹೊಸದಾಗಿ ನಕ್ಷೆ ಬರೆಯುವ ಬದಲು ಪಫರ್‌ನ ನಕ್ಷೆಯನ್ನೇ ಎತ್ತಿಕೊಂಡರು. 1941ರಿಂದ 1946ರೊಳಗೆ ಸುಮಾರು ನೂರು ದೋಣಿ ಕಟ್ಟಿದರು. ಬೆರಳೆಣಿಕೆಯವು ಬಿಟ್ಟರೆ ಉಳಿದವೆಲ್ಲ ಇಂಗ್ಲೆಂಡಿನ ಕಟ್ಟೆಗಳಲ್ಲಿ ಆದವು. 85 ವರ್ಷ ಹಳೆಯ ಕಾಲುವೆ ದೋಣಿಯ ವಿನ್ಯಾಸ ಐದು ವರ್ಷದಲ್ಲಿ ಒಟ್ಟು ಸಂಖ್ಯೆಯ ಕಾಲುಭಾಗದಷ್ಟು ಬೆಳೆದದ್ದು ಅದರ ಯೋಗ್ಯತೆಗೆ ಸಿಕ್ಕ ಗಟ್ಟಿ ಸರ್ಟಿಫಿಕೇಟು. ಯುದ್ಧ ಮುಗಿದ ಮೇಲೆ ಇವನ್ನು ಹರಾಜಿಗಿಟ್ಟಾಗ ಕ್ಲೈಡ್‌ನ ಸಾಗಣೆದಾರರು ಕೊಂಡುಕೊಂಡರು.

ಟಿಕೆಟ್ಟಿನ ಹಡಗು

ಅದೇ ನೀರಿನಲ್ಲಿ, ಅದೇ ಧಕ್ಕೆಗಳ ನಡುವೆ, ಜನರನ್ನು ಹೊತ್ತ ಹಡಗುಗಳ ಲೆಕ್ಕ ಬೇರೆಯೇ ಬಗೆಯದು. ಅದರ ಆರಂಭ 1812ರ ಆಗಸ್ಟ್. ಹೆನ್ರಿ ಬೆಲ್ ಎಂಬವನು 'ಕಾಮೆಟ್' ಎಂಬ ಪ್ಯಾಡಲ್ ಚಕ್ರದ ದೋಣಿಯನ್ನು ಗ್ಲಾಸ್ಗೋ, ಗ್ರೀನಾಕ್, ಹೆಲೆನ್ಸ್‌ಬರಾ ನಡುವೆ ಓಡಿಸಿದ. ಉದ್ದ 45 ಅಡಿಯ ಆಚೀಚೆ, ಯಂತ್ರದ ಬಲ ನಾಲ್ಕು ಅಶ್ವಶಕ್ತಿ ಮೀರದು. ವಾರಕ್ಕೆ ಮೂರು ದಿನ ಗ್ಲಾಸ್ಗೋದಿಂದ ಹೊರಡುವುದಾಗಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಮೇಲಿನ ದರ್ಜೆಗೆ 4 ಶಿಲ್ಲಿಂಗ್, ಕೆಳಗಿನದಕ್ಕೆ 3. ಆಗಿನ ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ನಿ. ದೂರ ಸುಮಾರು 24 ಮೈಲಿ, ಹಾಗಾಗಿ ಮೇಲಿನ ದರ್ಜೆಯ ದರ ಮೈಲಿಗೆ ಎರಡು ಪೆನ್ನಿ. ಬೆಲ್‌ಗೆ ಹೆಲೆನ್ಸ್‌ಬರಾದಲ್ಲಿ ಸ್ನಾನಗೃಹಗಳಿದ್ದ ಹೋಟೆಲಿತ್ತು, ಹಡಗು ಓಡಿಸಿದ್ದು ಅಲ್ಲಿಗೆ ಗಿರಾಕಿ ತರಲು. ಯುರೋಪಿನ ಮೊದಲ ಲಾಭದ ಹಬೆ ಹಡಗು ಹುಟ್ಟಿದ್ದೇ ವಿಹಾರಕ್ಕೆ ಎಂಬುದನ್ನು ಗಮನಿಸಬೇಕು. 1820ರ ಡಿಸೆಂಬರ್‌ನಲ್ಲಿ ಅದು ಕ್ರೇಗ್ನಿಷ್ ಬಳಿ ಬಂಡೆಗೆ ಬಡಿದು ನಾಶವಾಯಿತು. ಅಷ್ಟರೊಳಗೆ ಕ್ಲೈಡ್ ಅಳಿವೆಯಲ್ಲಿ ಹತ್ತಾರು ಹಬೆ ಹಡಗುಗಳು ಓಡಾಡತೊಡಗಿದ್ದವು.

ಮುಂದಿನ ಬೆಳವಣಿಗೆಯನ್ನು ಮೂರು ಹಡಗುಗಳಲ್ಲಿ ಹೇಳಿಬಿಡಬಹುದು. 1878ರ 'ಕೊಲಂಬಾ' 301 ಅಡಿ ಉದ್ದ, ಅಂದರೆ 66 ವರ್ಷದಲ್ಲಿ ಕಾಮೆಟ್‌ನ ಆರು ಪಟ್ಟಿಗೂ ಹೆಚ್ಚು. ಒಳಗೆ ಅಂಚೆ ಕಚೇರಿ, ಕ್ಷೌರದಂಗಡಿ. ಬೆಳಗ್ಗೆ 7 ಗಂಟೆ 11 ನಿಮಿಷಕ್ಕೆ ಗ್ಲಾಸ್ಗೋ ಬಿಡುತ್ತಿದ್ದ ಈ ಹಡಗು 1935ರವರೆಗೆ ದುಡಿಯಿತು. ಅದರ ಪ್ರಯಾಣಿಕರು ಆರ್ಡ್ರಿಶೇಗ್‌ನಲ್ಲಿ ಇಳಿದು, ಪಫರ್‌ಗಳು ಸಾಗುವ ಅದೇ ಕ್ರಿನಾನ್ ಕಾಲುವೆಯನ್ನು ಚಿಕ್ಕ ಹಡಗಿನಲ್ಲಿ ದಾಟಿ, ಓಬನ್ ಕಡೆಗೆ ಹೋಗುತ್ತಿದ್ದರು. 1847ರಲ್ಲಿ ವಿಕ್ಟೋರಿಯಾ ರಾಣಿ ಈ ದಾರಿಯಲ್ಲಿ ಹೋದದ್ದೇ ಕಂಪನಿಗಳಿಗೆ ದೊಡ್ಡ ಪ್ರಚಾರವಾಯಿತು. ಎರಡನೆಯದು 1901ರ 'ಕಿಂಗ್ ಎಡ್ವರ್ಡ್'. ಟರ್ಬೈನ್ ಯಂತ್ರದಿಂದ ಓಡಿದ ಜಗತ್ತಿನ ಮೊದಲ ವಾಣಿಜ್ಯ ಪ್ರಯಾಣಿಕರ ಹಡಗು ಇದು. ಡಂಬಾರ್ಟನ್‌ನ ಡೆನ್ನಿ ಕಟ್ಟೆಯಲ್ಲಿ ಆದದ್ದು, ಪರೀಕ್ಷೆಯಲ್ಲಿ ಮುಟ್ಟಿದ ವೇಗ 20.48 ನಾಟ್, ಖರ್ಚು ಸುಮಾರು 33,000 ಪೌಂಡ್. 1952ರಲ್ಲಿ ಒಡೆಯಲು ಹೋಗುವವರೆಗೆ ಅರ್ಧ ಶತಮಾನ ನಡೆಯಿತು. ಕಟ್ಟಿದ ಖರ್ಚನ್ನು 50 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 660 ಪೌಂಡ್. ಪ್ರಯೋಗಕ್ಕೆಂದು ಕಟ್ಟಿದ ಹಡಗಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದು ಕಷ್ಟ. ಮೂರನೆಯದು 1933ರ 'ಕ್ವೀನ್ ಮೇರಿ', 871 ಗ್ರಾಸ್ ಟನ್, 2,086 ಪ್ರಯಾಣಿಕರು. ಎರಡು ವರ್ಷದ ಬಳಿಕ ಅಟ್ಲಾಂಟಿಕ್ಕಿನ ಮಹಾನೌಕೆಗೆ ಅದೇ ಹೆಸರು ಬೇಕಾಗಿ ಇದು 'ಕ್ವೀನ್ ಮೇರಿ 2' ಆಯಿತು.

ಇಲ್ಲಿ ಓದುಗರಿಗೊಂದು ಎಚ್ಚರಿಕೆ. ಗ್ರಾಸ್ ಟನ್ ಎಂಬುದು ಭಾರವಲ್ಲ, ಹಡಗಿನ ಒಳಜಾಗದ ಅಳತೆ. ಒಂದು ಗ್ರಾಸ್ ಟನ್ನಿಗೆ 100 ಘನ ಅಡಿ. 871 ಎಂಬ ಸಂಖ್ಯೆ ನೋಡಿ ಹಡಗು ಅಷ್ಟು ಭಾರ ಹೊರುತ್ತದೆ ಎಂದುಕೊಳ್ಳಬಾರದು. ಹಾಗಾದರೆ ಅದು ಹೊತ್ತ ಭಾರ ಎಷ್ಟು? ತಲೆಗೆ 65 ಕಿಲೋ ಹಿಡಿದರೆ 2,086 ಜನರ ತೂಕ ಸುಮಾರು 136 ಟನ್. ಅಳಿವೆಯ ಅತಿ ದೊಡ್ಡ ವಿಹಾರ ಹಡಗುಗಳಲ್ಲೊಂದು ಪೂರ್ತಿ ತುಂಬಿ ಹೊರಟಾಗ ಅದರ ಮೇಲಿದ್ದ ಜನರ ತೂಕ, ಪಕ್ಕದಲ್ಲಿ ಏದುಸಿರು ಬಿಡುತ್ತ ಸಾಗುವ ಪಫರ್‌ನ ಇದ್ದಲಿಗಿಂತ ಮೂರನೆಯ ಒಂದು ಭಾಗ ಮಾತ್ರ ಹೆಚ್ಚು.

ಬಲದ ಲೆಕ್ಕ ಇನ್ನೂ ಸೋಜಿಗ. 1947ರಲ್ಲಿ ಸೇವೆಗೆ ಬಂದ 'ವೇವರ್ಲಿ' ಪ್ಯಾಡಲ್ ಹಡಗಿನ ಯಂತ್ರ 2,100 ಅಶ್ವಶಕ್ತಿ. ಇಂದಿನ ನಿಯಮದಂತೆ 900ರ ಒಳಗಿನ ಜನ, ಅಂದರೆ 58 ಟನ್ ಮನುಷ್ಯಭಾರ. ಟನ್ನಿಗೆ 36 ಅಶ್ವಶಕ್ತಿ. ಯುದ್ಧಕಾಲದ ಪಫರ್‌ನ ಯಂತ್ರ 120 ಅಶ್ವಶಕ್ತಿಯ ಆಸುಪಾಸು, ಹೊರೆ 100 ಟನ್, ಟನ್ನಿಗೆ 1.2. ಮೂವತ್ತು ಪಟ್ಟು ವ್ಯತ್ಯಾಸ. ಇದ್ದಲಿಗೆ ಅವಸರವಿಲ್ಲ, ಕೆಟ್ಟುಹೋಗುವುದಿಲ್ಲ, ಮಳೆಯಲ್ಲಿ ನೆನೆದರೂ ದೂರಿಲ್ಲ. ಭಾನುವಾರ ಸಂಜೆ ಮನೆ ಮುಟ್ಟಿ ಸೋಮವಾರ ಕಾರ್ಖಾನೆಗೆ ಹೋಗಬೇಕಾದ ಕುಟುಂಬಕ್ಕೆ ಒಂದೊಂದು ನಾಟ್ ವೇಗವೂ ಬೇಕು.

ವೇಗ ಬೇಕೆಂದು ಹಣ ಸುರಿದವು ರೈಲು ಕಂಪನಿಗಳು. ಕ್ಲೈಡ್ ದಡದಲ್ಲಿ ಮೂರು ಕಂಪನಿಗಳ ಹಳಿಗಳು ಮೂರು ಕಡೆ ಧಕ್ಕೆ ಮುಟ್ಟಿದ್ದವು. 1889ರಲ್ಲಿ ಕ್ಯಾಲೆಡೋನಿಯನ್ ಕಂಪನಿ ಗೂರಾಕ್‌ಗೆ ಹಳಿ ಹಾಕಲು 1.2 ಮೈಲಿಯ ಸುರಂಗ ಕೊರೆಯಿತು. ಸ್ಕಾಟ್ಲೆಂಡಿನ ಅತಿ ಉದ್ದದ ರೈಲು ಸುರಂಗ ಅದು, ಮತ್ತು ಅದನ್ನು ಕೊರೆದದ್ದು ಪ್ರಯಾಣಿಕರು ಎದುರಾಳಿಯ ಹಡಗಿಗಿಂತ ಕೆಲವು ನಿಮಿಷ ಮೊದಲು ಹಡಗು ಹತ್ತಲೆಂದು. ಒಂದೇ ಧಕ್ಕೆಗೆ ಮೂರು ಹಡಗು ಒಟ್ಟಿಗೆ ನುಗ್ಗಿ ಬರುತ್ತಿದ್ದ ಕಾಲ. ಯಾರು ಮೊದಲು ಒರಗಬೇಕೆಂದು ತೋರಿಸಲು ಧಕ್ಕೆಗಳಲ್ಲಿ ಸಿಗ್ನಲ್ ಹಾಕಬೇಕಾಯಿತು. ಪ್ರಯಾಣಿಕನಿಗೆ ಸುಗ್ಗಿ, ಕಂಪನಿಗಳ ಜಮಾಖರ್ಚಿಗೆ ತೂತು.

ಏಕೆಂದರೆ ಈ ವ್ಯಾಪಾರದ ಮೂಲರೋಗ ಋತು. ವಿಹಾರದ ಕಾಲ ಮೇ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ, ಹೆಚ್ಚೆಂದರೆ 110 ದಿನ. ವರ್ಷದ ಶೇಕಡ 30. ಅದರಲ್ಲೂ ಗ್ಲಾಸ್ಗೋ ಕಾರ್ಖಾನೆಗಳೆಲ್ಲ ಒಟ್ಟಿಗೆ ಮುಚ್ಚುವ ಜುಲೈನ ಜಾತ್ರೆ ರಜೆ ಬಿಟ್ಟರೆ ಉಳಿದ ದಿನ ಮಳೆಯ ಕೃಪೆ. ಚಳಿಗಾಲದಲ್ಲಿ ಹೆಚ್ಚಿನ ಹಡಗುಗಳು ಲಂಗರು ಹಾಕಿ ಮಲಗುತ್ತಿದ್ದವು, ಆದರೆ ಸಾಲದ ಬಡ್ಡಿ ಮಲಗುವುದಿಲ್ಲ, ಬಾಯ್ಲರ್ ತುಕ್ಕು ಹಿಡಿಯುವುದೂ ನಿಲ್ಲುವುದಿಲ್ಲ. ಪಫರ್ ಇದಕ್ಕೆ ತದ್ವಿರುದ್ಧ, ಚಳಿ ಹೆಚ್ಚಿದಷ್ಟೂ ಅದರ ಸರಕಿಗೆ ಬೇಡಿಕೆ.

ಸಂಪಾದನೆಯ ಇನ್ನೊಂದು ದಾರಿಯನ್ನೂ ಹಡಗುಗಳು ಕಂಡುಕೊಂಡಿದ್ದವು. 1853ರ ಕಾಯ್ದೆ ಸ್ಕಾಟ್ಲೆಂಡಿನಲ್ಲಿ ಭಾನುವಾರ ಮದ್ಯದಂಗಡಿ ಮುಚ್ಚಿಸಿತು. ಕಾಯ್ದೆಯ ಕೈ ಹಡಗಿಗೆ ಚಾಚಿರಲಿಲ್ಲ. 1882ರಲ್ಲಿ ಇನ್ನೊಂದು ಕಾಯ್ದೆ ಬರುವವರೆಗೆ, 29 ವರ್ಷ, ಭಾನುವಾರದ ಸ್ಟೀಮರ್‌ಗಳು ತೇಲುವ ಮದ್ಯದಂಗಡಿಗಳಾಗಿದ್ದವು. ಸಂಸಾರಸ್ಥರು ಹತ್ತಲು ಹೆದರುತ್ತಿದ್ದ ಆ ದಿನಗಳಲ್ಲಿ, 1880ರಲ್ಲಿ, 'ಐವನ್‌ಹೋ' ಎಂಬ ಹಡಗು ಮದ್ಯವಿಲ್ಲದೆ ಓಡಾಟ ಆರಂಭಿಸಿತು, ಮತ್ತು ಜನರ ಮೆಚ್ಚುಗೆ ಗಳಿಸಿತು.

ಇಬ್ಬರನ್ನೂ ನುಂಗಿದ ಒಂದೇ ಹಡಗು

ಪಫರ್ ಮತ್ತು ಸ್ಟೀಮರ್ ಬೇರೆ ಬೇರೆ ಕಾರಣಕ್ಕೆ ಅಳಿದವೆಂದು ಹೇಳುವುದು ರೂಢಿ. ಒಂದನ್ನು ಡೀಸೆಲ್ ಕೊಂದಿತು, ಇನ್ನೊಂದನ್ನು ಸ್ಪೇನಿನ ಬಿಸಿಲಿಗೆ ಹಾರುವ ಅಗ್ಗದ ವಿಮಾನ ಕೊಂದಿತು ಎಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ನನ್ನ ತೀರ್ಮಾನ ಬೇರೆ. ಎರಡನ್ನೂ ಮುಗಿಸಿದ್ದು ಒಂದೇ ವಸ್ತು, ವಾಹನ ಹೊರುವ ಫೆರಿ. 1954ರಲ್ಲಿ 'ಅರಾನ್', 'ಬ್ಯೂಟ್', 'ಕೌವಲ್' ಎಂಬ ಮೂರು ಫೆರಿಗಳು ಕ್ಲೈಡ್ ಅಳಿವೆಯಲ್ಲಿ ಸೇವೆಗೆ ನಿಂತವು. ಕಾರು ಹೊತ್ತು ಸ್ಟೀಮರ್‌ನ ಪ್ರಯಾಣಿಕರನ್ನು ತೆಗೆದುಕೊಂಡವು, ಲಾರಿ ಹೊತ್ತು ಪಫರ್‌ನ ಸರಕನ್ನೂ ತೆಗೆದುಕೊಂಡವು.

ಸರಕನ್ನು ಎಷ್ಟು ಸಲ ಎತ್ತಿ ಇಳಿಸಬೇಕು ಎಂಬುದರ ಮೇಲೆ ಈ ಸೋಲು ನಿಂತಿದೆ. ಗಣಿಯಿಂದ ರೈಲುಡಬ್ಬಿಗೆ, ಡಬ್ಬಿಯಿಂದ ದೋಣಿಗೆ, ದೋಣಿಯಿಂದ ಗಾಡಿಗೆ, ಗಾಡಿಯಿಂದ ಮನೆಗೆ: ಪಫರ್‌ನ ಇದ್ದಲು ನಾಲ್ಕು ಸಲ ಸಲಿಕೆ ಕಾಣುತ್ತಿತ್ತು. ಲಾರಿಯ ಇದ್ದಲಿಗೆ ತುಂಬುವುದು ಒಂದು ಸಲ, ಸುರಿಯುವುದು ಒಂದು ಸಲ. ಕೂಲಿ ಅಗ್ಗವಿದ್ದ ಕಾಲದಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬರಲಿಲ್ಲ, ಕೂಲಿ ಏರಿದ ಮೇಲೆ ಅದೇ ಮುಖ್ಯವಾಯಿತು. 100 ಟನ್ನಿಗೆ ಇಪ್ಪತ್ತು ಟನ್ನಿನ ಐದು ಲಾರಿ ಸಾಕು. ಆ ಐದು ಲಾರಿಗಳಿಗೆ ಬೇಕಾದ ರಸ್ತೆ, ಸೇತುವೆ, ಫೆರಿ, ಕಾಂಕ್ರೀಟು ಧಕ್ಕೆ ಎಲ್ಲವೂ ಸಾರ್ವಜನಿಕ ಹಣದಿಂದ ಆಗುತ್ತವೆ, ಲಾರಿಯ ಬಾಡಿಗೆ ಚೀಟಿಯಲ್ಲಿ ಅವುಗಳ ಪೂರ್ತಿ ಬೆಲೆ ಕಾಣುವುದಿಲ್ಲ. ಪಫರ್ ಕೇಳಿದ್ದು ಬರೀ ಒಂದು ಮರಳ ದಂಡೆ.

ಕಾಲುವೆಯ ಕಥೆಯಲ್ಲೂ ಇದೇ ಲೆಕ್ಕ. 1963ರ ಜನವರಿ 1ರಂದು ಫೋರ್ತ್ ಮತ್ತು ಕ್ಲೈಡ್ ಕಾಲುವೆಯನ್ನು ಮುಚ್ಚಿದರು. ಹೊಸ ಹೆದ್ದಾರಿ ಅದನ್ನು ದಾಟುವಲ್ಲಿ ದೋಣಿಗೆ ದಾರಿಬಿಡುವ ಸೇತುವೆಯ ಖರ್ಚು ಉಳಿಸುವುದು ಮುಖ್ಯ ಕಾರಣಗಳಲ್ಲೊಂದು. ನಲವತ್ತು ವರ್ಷ ತುಂಬುವ ಮೊದಲೇ, 2001-02ರಲ್ಲಿ, ಇದನ್ನೂ ಪಕ್ಕದ ಯೂನಿಯನ್ ಕಾಲುವೆಯನ್ನೂ ಮತ್ತೆ ತೆರೆದರು. ಎರಡಕ್ಕೂ ಸೇರಿ ತಗುಲಿದ್ದು ಸುಮಾರು 8.45 ಕೋಟಿ ಪೌಂಡ್. ಒಂದು ಸೇತುವೆಯ ಉಳಿತಾಯ ಮತ್ತು ಈ ಮೊತ್ತ ಒಂದೇ ಪುಟದಲ್ಲಿ ಎದುರುಬದುರು ನಿಲ್ಲಬೇಕಾದ ಅಂಕಿಗಳು. ತೆರೆದ ಕಾಲುವೆಯಲ್ಲಿ ಈಗ ಇದ್ದಲು ದೋಣಿಗಳಿಲ್ಲ, ವಿಹಾರದ ದೋಣಿಗಳಿವೆ.

ಉಳಿಸಿಕೊಂಡವರ ಖರ್ಚು

1973ರಲ್ಲಿ ವೇವರ್ಲಿಯನ್ನು ಸೇವೆಯಿಂದ ತೆಗೆದರು. 239 ಅಡಿ ಉದ್ದದ, 693 ಗ್ರಾಸ್ ಟನ್ನಿನ ಆ ಹಡಗನ್ನು 1974ರ ಆಗಸ್ಟ್‌ನಲ್ಲಿ ಕ್ಯಾಲೆಡೋನಿಯನ್ ಮ್ಯಾಕ್‌ಬ್ರೇನ್ ಕಂಪನಿ ಪ್ಯಾಡಲ್ ಹಡಗು ಸಂರಕ್ಷಣಾ ಸಂಘದ ಕೈಗೆ ಒಂದು ಪೌಂಡಿಗೆ ಮಾರಿತು. ಇದರ ಹಿಂದಿನ ವೇವರ್ಲಿ 1940ರ ಮೇ 29ರಂದು ಡನ್ಕರ್ಕ್‌ನಲ್ಲಿ ಸೈನಿಕರನ್ನು ತರುವಾಗ ಬಾಂಬಿಗೆ ಸಿಕ್ಕಿ ಮುಳುಗಿತ್ತು, ಅದರ ಜಾಗಕ್ಕೆ ಕಟ್ಟಿದ್ದು ಇದು. ಕೊಂಡವರು ಅದನ್ನು ಮತ್ತೆ ಓಡಿಸಿದರು. ಕಬ್ಬಿಣಕ್ಕೆ ಒಂದು ಪೌಂಡ್ ಬೆಲೆಯಾದರೂ ಬಾಯ್ಲರಿಗೆ ಹಾಗಲ್ಲ. 2000 ಮತ್ತು 2003ರ ನಡುವೆ ಎರಡು ಹಂತದ ಜೀರ್ಣೋದ್ಧಾರಕ್ಕೆ ಸುಮಾರು 70 ಲಕ್ಷ ಪೌಂಡ್ ತಗುಲಿತು, ಬಹುಪಾಲು ಲಾಟರಿ ನಿಧಿಯಿಂದ ಬಂತು. ಆಗ ಹಾಕಿದ ಬಾಯ್ಲರ್‌ಗಳು ಇಪ್ಪತ್ತು ವರ್ಷಕ್ಕೆ ಸವೆದು, 2019ರಲ್ಲಿ ಹಡಗು ನಿಂತೇಹೋಯಿತು. ಜನರಲ್ಲಿ ಕೈಚಾಚಿ 23 ಲಕ್ಷ ಪೌಂಡ್ ಕೂಡಿಸಿ 2020ರ ಆಗಸ್ಟ್‌ನಲ್ಲಿ ಮತ್ತೆ ನೀರಿಗೆ ತಂದರು. ಎರಡೂ ಸೇರಿ 93 ಲಕ್ಷ. ಸಮುದ್ರಯಾನ ಮಾಡುವ ಪ್ಯಾಡಲ್ ಸ್ಟೀಮರ್‌ಗಳಲ್ಲಿ ಪ್ರಯಾಣಿಕರನ್ನು ಹೊತ್ತು ಓಡುವುದು ಜಗತ್ತಿನಲ್ಲಿ ಈಗ ಇದೊಂದೇ. ಆ ಒಂದನ್ನು ಉಳಿಸಿದ ಹಣ ದುಂದಲ್ಲ ಎಂಬುದು ನನ್ನ ನಿಲುವು.

ಪಫರ್‌ಗಳ ಪಾಲಿಗೆ ಇಷ್ಟು ದೊಡ್ಡ ಮೊತ್ತ ಬರಲಿಲ್ಲ, ಆದರೆ ಅವುಗಳ ಮೇಲೂ ಪ್ರೀತಿಯಿತ್ತು. 1905ರಿಂದ ನೀಲ್ ಮನ್ರೋ ಗ್ಲಾಸ್ಗೋ ಪತ್ರಿಕೆಯಲ್ಲಿ ಬರೆದ 'ಪಾರಾ ಹ್ಯಾಂಡಿ' ಕಥೆಗಳ ನಾಯಕ ಪಫರ್‌ನ ಯಜಮಾನ. 1954ರಲ್ಲಿ ಈಲಿಂಗ್ ಸ್ಟುಡಿಯೋ 'ದಿ ಮ್ಯಾಗಿ' ಎಂಬ ಚಿತ್ರವನ್ನೇ ತೆಗೆಯಿತು. ಸುಮಾರು 400ರಲ್ಲಿ ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಕರ್ಕಿಂಟಿಲೋಖ್‌ನಲ್ಲಿ 1942ರಲ್ಲಿ ಕಟ್ಟಿದ 'ಸ್ಪಾರ್ಟನ್' ಅರ್ವಿನ್ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧಕಾಲದಲ್ಲಿ ಸರ್ಕಾರ ಕಟ್ಟಿಸಿದ ದೋಣಿಗಳಲ್ಲೊಂದಾದ 1943ರ 'ವಿಐಸಿ 32' ಮಾತ್ರ ಇದ್ದಲು ಉರಿಸಿಕೊಂಡೇ ಓಡಿದೆ. 1975ರಲ್ಲಿ ಕೊಂಡವರು ಸರಕಿನ ಹೊಟ್ಟೆಯಲ್ಲಿ ಮಲಗುವ ಕೋಣೆ ಮಾಡಿ, ಒಂದು ಪಯಣಕ್ಕೆ ಹನ್ನೆರಡು ಅತಿಥಿಗಳನ್ನು ಕ್ರಿನಾನ್ ಕಾಲುವೆಯಲ್ಲಿ ಕರೆದೊಯ್ದರು. 100 ಟನ್ ಇದ್ದಲಿದ್ದ ಜಾಗದಲ್ಲಿ ಹನ್ನೆರಡು ಜನ, ಒಂದು ಟನ್ನೂ ತೂಗದ ಹೊರೆ. ಆದರೆ ದೋಣಿ ಉಳಿಯಿತು, ಅದರ ಯಂತ್ರ ನಡೆಸುವ ಕೈಗೆಲಸವೂ ಉಳಿಯಿತು.

ದುಡಿಯುವ ಪಫರ್‌ಗಳ ಕೊನೆಯ ವಾರಸುದಾರ 1968ರಲ್ಲಿ ಹುಟ್ಟಿದ ಗ್ಲೆನ್‌ಲೈಟ್ ಶಿಪ್ಪಿಂಗ್ ಕಂಪನಿ. ಹಳೆಯ ದೋಣಿ ಕಂಪನಿಗಳು ಒಗ್ಗೂಡಿ ಆದದ್ದು. ಡೀಸೆಲ್ ದೋಣಿಗಳಲ್ಲಿ ದ್ವೀಪಗಳಿಗೆ ಇದ್ದಲು ಒಯ್ದು, ತೀರದ ಕಾಡುಗಳಿಂದ ಮರದ ದಿಮ್ಮಿ ತರುತ್ತಿತ್ತು. ಸರ್ಕಾರದ ಸಹಾಯಧನ ಅದರ ಆಧಾರ. 1993ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು, ಕಂಪನಿಯ ಸಾಗಣೆ ನಿಂತಿತು. ದಿಮ್ಮಿಗಳು ಪಶ್ಚಿಮ ಕರಾವಳಿಯ ಕಿರಿದಾದ ರಸ್ತೆಗಳ ಮೇಲೆ ಲಾರಿ ಹತ್ತಿದವು.

ದೋಣಿಗೆ ಕೊಟ್ಟ ಸಹಾಯಧನ ಖಜಾನೆಯ ಪುಸ್ತಕದಲ್ಲಿ ಖರ್ಚೆಂದು ಒಂದು ಸಾಲಿನಲ್ಲಿ ಕಾಣುತ್ತದೆ. ಲಾರಿಗಳು ಅರೆದ ರಸ್ತೆಯ ದುರಸ್ತಿ ಬೇರೆ ಇಲಾಖೆಯ ಬೇರೆ ಪುಸ್ತಕದಲ್ಲಿರುತ್ತದೆ. ಎರಡನ್ನೂ ಒಟ್ಟಿಗೆ ಕೂಡಿಸಿ ನೋಡದೆ ಮೊದಲನೆಯದನ್ನು ಹೊಡೆದುಹಾಕಿದ್ದು ತಪ್ಪು ಲೆಕ್ಕ ಎಂದೇ ನಾನು ಹೇಳುತ್ತೇನೆ, ಮುಂದೆ ನಡೆದದ್ದು ಅದಕ್ಕೆ ಸಾಕ್ಷಿ. ಏಳೇ ವರ್ಷದಲ್ಲಿ, 2000ದಲ್ಲಿ, ಸ್ಕಾಟ್ಲೆಂಡ್ ಸರ್ಕಾರದ ಹಣದಿಂದ 'ಟಿಂಬರ್‌ಲಿಂಕ್' ಎಂಬ ಯೋಜನೆ ಬಂತು. ಕ್ಯಾಂಪ್‌ಬೆಲ್‌ಟೌನ್, ಸ್ಯಾಂಡ್‌ಬ್ಯಾಂಕ್ ಮತ್ತು ಕ್ರಿನಾನ್ ಕಾಲುವೆಯ ಬಾಯಿಯಲ್ಲಿರುವ ಆರ್ಡ್ರಿಶೇಗ್ ಧಕ್ಕೆಗಳಿಂದ ದಿಮ್ಮಿಗಳು ಹಡಗು ಹತ್ತಿ, ಅಳಿವೆ ದಾಟಿ ಏರ್‌ಶೈರ್ ಬಂದರಿಗೆ ಹೋಗತೊಡಗಿದವು. ವರ್ಷಕ್ಕೆ ಸುಮಾರು 80,000ದಿಂದ ಒಂದು ಲಕ್ಷ ಟನ್. ಪಫರ್‌ನ ಅಳತೆಯಲ್ಲಿ 800ರಿಂದ 1,000 ದೋಣಿ, 25 ಟನ್ನಿನ ಲಾರಿಯ ಅಳತೆಯಲ್ಲಿ 3,200ರಿಂದ 4,000 ಲಾರಿ.